ತನ್ನತನದ ಹಾದಿ: ಉಮದಿಯಿಂದ ಖೇತವಾಡಿಯವರೆಗೆ

ಗಡಿನಾಡಿನಲ್ಲಿ ಹುಟ್ಟಿದವನಿಗೆ ‘ನೀನು ಯಾರು?’ ಎಂಬ ಪ್ರಶ್ನೆ ದಿನಕ್ಕೆ ಒಂದು ಸಲವಾದರೂ ಎದುರಾಗದೆ ಇರುವುದಿಲ್ಲ. ತಲಾಠಿಯ ಕಚೇರಿಯಲ್ಲಿ ಸಾತಬಾರಾ ಉತಾರೆ ತೆಗೆಯಿಸುವಾಗ, ಬ್ಯಾಂಕಿನ ಕಿಟಕಿಯ ಮುಂದೆ, ಸಾಂಗಲಿಗೆ ಹೋಗುವ ಎಸ್.ಟಿ. ಬಸ್ಸಿನಲ್ಲಿ, ಜನಗಣತಿಯವರು ಬಾಗಿಲಿಗೆ ಬಂದಾಗ, ಹೀಗೆ ಎಲ್ಲೆಡೆಯಲ್ಲೂ ಅವನು ತನ್ನ ಹೆಸರು, ಊರು, ಮನೆಮಾತು ಇವುಗಳ ಲೆಕ್ಕ ಒಪ್ಪಿಸಬೇಕು. ಕಾಸರಗೋಡಿನ ವಾಚಕರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ನಿಮ್ಮಲ್ಲಿ ಮಲೆಯಾಳ, ನಮ್ಮಲ್ಲಿ ಮರಾಠಿ, ಅಷ್ಟೇ ವ್ಯತ್ಯಾಸ. 1967ರ ಮಹಾಜನ ವರದಿಯು ಚಂದ್ರಗಿರಿಯ ಉತ್ತರಕ್ಕಿರುವ ನಿಮ್ಮ ನಾಡನ್ನೂ ನಮ್ಮ ಜತ್ತ ತಾಲೂಕಿನ ಹಲವು ಹಳ್ಳಿಗಳನ್ನೂ ಕರ್ನಾಟಕಕ್ಕೆ ಸೇರಿಸಬೇಕೆಂದು ಒಂದೇ ಕಂತೆಯಲ್ಲಿ ಕಟ್ಟಿಟ್ಟಿತು. ಆ ಕಂತೆಯನ್ನು ಇಂದಿನವರೆಗೆ ಯಾರೂ ಬಿಚ್ಚಿಲ್ಲ.

ಆ ವಾದವನ್ನು ಇಲ್ಲಿ ಎತ್ತುವ ಇಚ್ಛೆ ನನಗಿಲ್ಲ. ಅದೇ ಪ್ರಶ್ನೆಯನ್ನು ಮೇಜಿನ ಆಚೆ ಕುಳಿತ ಗುಮಾಸ್ತ ಕೇಳದೆ, ತಾವೇ ತಮ್ಮೊಳಗೆ ಕೇಳಿಕೊಂಡ ಕೆಲವರು ನಮ್ಮ ಈ ಬರಡು ನೆಲದ ಆಸುಪಾಸಿನಲ್ಲಿ ಆಗಿಹೋದರು. ಅವರ ಪ್ರಶ್ನೆ ಒಬ್ಬರಿಂದ ಒಬ್ಬರಿಗೆ ದಾಟುತ್ತ, ಕಡೆಗೆ ಮುಂಬಯಿಯ ಒಬ್ಬ ಬೀಡಿ ವ್ಯಾಪಾರಿಯ ಅಟ್ಟವನ್ನು ಮುಟ್ಟಿ, ಅಲ್ಲಿಂದ ಹೊರದೇಶಗಳಿಗೂ ಹೋಯಿತು. ಅದು ಹೊರಟದ್ದು ಉಮದಿಯ ಆಸುಪಾಸಿನಿಂದ. ನಮ್ಮ ತಾಲೂಕಿನ ಪೂರ್ವದ ಅಂಚಿನಲ್ಲಿ, ವಿಜಯಪುರ ಜಿಲ್ಲೆಗೆ ಒತ್ತಿಕೊಂಡಿರುವ ಕನ್ನಡ ಹಳ್ಳಿ ಅದು.

ಜತ್ತ ಎಂದರೆ ಹೊರಗಿನವರಿಗೆ ತಿಳಿದಿರುವುದು ಎರಡೇ ಸಂಗತಿ: ಬರಗಾಲ ಮತ್ತು ಗಡಿತಂಟೆ. ಡಫಳೆ ಮನೆತನದವರ ಸಂಸ್ಥಾನವಾಗಿದ್ದ ಇದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಿಂದ ಮಹಾರಾಷ್ಟ್ರದಲ್ಲಿದೆ. 2022ರ ನವೆಂಬರದಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಇಲ್ಲಿಯ ಸುಮಾರು 40 ಹಳ್ಳಿಗಳು ಹಿಂದೆ ನೀರಿಗಾಗಿ ಮಾಡಿದ್ದ ಠರಾವಿನ ಮಾತೆತ್ತಿದಾಗ ಕೆಲವು ವಾರ ಎಲ್ಲ ಪತ್ರಿಕೆಗಳಲ್ಲಿಯೂ ನಮ್ಮ ಹೆಸರು ಬಂತು, ಹೋಯಿತು. ಉಮದಿಯ ಹೆಸರು ಇದಕ್ಕಿಂತ ಹಳೆಯ ಕಾರಣಕ್ಕೆ, ಇದಕ್ಕಿಂತ ದೂರ ಹೋಗಿದೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೇ ತಿಳಿದಿಲ್ಲ. ಕ್ರಮಿಕ ಪುಸ್ತಕದಲ್ಲಿ ಇಲ್ಲದ್ದು ಮಕ್ಕಳಿಗೆ ಎಲ್ಲಿಂದ ತಿಳಿಯಬೇಕು?

ಉಮದಿಯ ದೇಶಪಾಂಡೆ ಮನೆತನದಲ್ಲಿ 1843ರಲ್ಲಿ ವೆಂಕಟೇಶ ಖಂಡೇರಾವ ಎಂಬ ಹುಡುಗ ಹುಟ್ಟಿದ. ಮುಂದೆ ಜನ ಅವರನ್ನು ಭಾವುಸಾಹೇಬ ಮಹಾರಾಜರೆಂದೂ ಉಮದಿಯ ಮಹಾರಾಜರೆಂದೂ ಕರೆದರು. ಹದಿನಾಲ್ಕನೆಯ ವಯಸ್ಸಿನಲ್ಲಿ, ಅಂದರೆ 1857ರಲ್ಲಿ, ಅವರಿಗೆ ನಿಂಬರಗಿ ಮಹಾರಾಜರ ದರ್ಶನವಾಯಿತು. ನಿಂಬರಗಿ ಇಂಡಿಯ ಕಡೆಯ ಹಳ್ಳಿ. ನಿಂಬರಗಿ ಮಹಾರಾಜರು ಲಿಂಗಾಯತರು, ಹುಡುಗನೋ ದೇಶಸ್ಥ ಬ್ರಾಹ್ಮಣರ ಮನೆಯವನು. ಆ ಕಾಲದ ಒಂದು ಹಳ್ಳಿಯಲ್ಲಿ ಇಂಥ ಗುರುವಿಗೆ ಇಂಥ ಶಿಷ್ಯ ತಲೆಬಾಗಿದನೆಂಬುದು ಸಣ್ಣ ಮಾತಲ್ಲ. ಮನೆತನ ಕೊಟ್ಟ ಹೆಸರು, ಜಾತಿ ಕೊಟ್ಟ ಸ್ಥಾನ ಇವೆರಡನ್ನೂ ಪಕ್ಕಕ್ಕಿಟ್ಟು ‘ಇವರ ಹತ್ತಿರ ನನಗೆ ಬೇಕಾದದ್ದು ಇದೆ’ ಎಂದು ಗುರುತಿಸುವುದಕ್ಕೆ ಆ ವಯಸ್ಸಿನಲ್ಲಿಯೇ ಒಂದು ಧೈರ್ಯ ಬೇಕು.

ನಿಂಬರಗಿ ಮಹಾರಾಜರ ಬಗ್ಗೆ ಸಂಪ್ರದಾಯದವರು ಹೇಳುವ ಒಂದು ಸಂಗತಿ ನನಗೆ ಬಹಳ ಪ್ರಿಯವಾದದ್ದು. ಅವರು ಮೊದಲು ನಾಮವನ್ನು ಪಡೆದಾಗ ಸ್ವಲ್ಪ ಕಾಲ ಜಪಿಸಿ, ಏನೂ ಸಿಗಲಿಲ್ಲವೆಂದು ಬಿಟ್ಟುಬಿಟ್ಟರಂತೆ. ವರ್ಷಗಳ ಮೇಲೆ ಕೊಲ್ಲಾಪುರದ ಬಳಿಯ ಸಿದ್ಧಗಿರಿಯಲ್ಲಿ ಒಬ್ಬ ಸಾಧುಗಳು, ‘ಬಿಟ್ಟದ್ದನ್ನೇ ಮತ್ತೆ ಹಿಡಿ’ ಎಂಬ ಅರ್ಥದ ಮಾತು ಹೇಳಿದರಂತೆ. ಆಮೇಲೆ ಕುರಿ ಕಾಯುತ್ತ 36 ವರ್ಷ ಅದನ್ನು ನಡೆಸಿದರಂತೆ. ಸಂತರ ಕಥೆಗಳಲ್ಲಿ ಸಾಮಾನ್ಯವಾಗಿ ಹುಟ್ಟಿದಂದಿನಿಂದಲೇ ಬೆಳಕು ಚೆಲ್ಲುತ್ತಿರುತ್ತದೆ. ಇಲ್ಲಿ ಹಾಗಿಲ್ಲ. ಹಿಡಿದದ್ದನ್ನು ಕೈಬಿಟ್ಟ ಮನುಷ್ಯನೇ ಗುರುವಾದ. ವರ್ಷದ ನಡುವೆ ಶಾಲೆ ಬಿಟ್ಟು ಕಬ್ಬು ಕಡಿಯಲು ತಾಯಿತಂದೆಯರ ಜೊತೆ ಹೋಗಿ ಮರಳಿ ಬಂದು, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತ ಹುಡುಗರಿಗೆ ಇದನ್ನು ಹೇಳಿದಾಗ ಅವರ ಮುಖ ತುಸು ಮೇಲೇಳುವುದನ್ನು ಕಂಡಿದ್ದೇನೆ.

ಭಾವುಸಾಹೇಬರ ಸಾಧನೆಗೆ ‘ಪಿಪೀಲಿಕಾ ಮಾರ್ಗ’ ಎಂಬ ಹೆಸರು ಬಂದಿದೆ. ಇರುವೆಯ ಹಾದಿ ಎಂದರ್ಥ. ವರಾಹೋಪನಿಷತ್ತಿನಲ್ಲಿ ವಾಮದೇವನದು ಇರುವೆಯ ಹಾದಿ, ಶುಕನದು ಹಕ್ಕಿಯ ಹಾದಿ ಎಂದು ಬರುತ್ತದೆ. ಮರದ ತುದಿಯ ಹಣ್ಣಿಗೆ ಹಕ್ಕಿ ನೇರವಾಗಿ ಹಾರಿ ಮುಟ್ಟುತ್ತದೆ. ಇರುವೆ ಬುಡದಿಂದ ಹೊರಟು ತೊಗಟೆಯ ಬಿರುಕುಗಳಲ್ಲಿ ಏರುತ್ತ, ಜಾರುತ್ತ, ಮತ್ತೆ ಏರುತ್ತ ಹೋಗುತ್ತದೆ. ದಿನವೂ ಗೊತ್ತಾದ ಹೊತ್ತಿಗೆ ನಾಮಸ್ಮರಣೆ, ಧ್ಯಾನ, ಸಮರ್ಥ ರಾಮದಾಸರ ದಾಸಬೋಧದ ಪಠಣ, ಭಜನೆ. ಭಜನೆಯಲ್ಲಿ ಮರಾಠಿ ಪದಗಳೂ ಕನ್ನಡ ಪದಗಳೂ ಒಂದರ ಹಿಂದೊಂದು ಬರುತ್ತವೆ, ಅಲ್ಲಿ ಯಾವ ಗಡಿರೇಖೆಯೂ ಇಲ್ಲ. ಸಂಸಾರ ಬಿಡಬೇಕಿಲ್ಲ, ಹೊಲಮನೆಯ ಕೆಲಸ ಮಾಡಿಕೊಂಡೇ ನಡೆಸಬೇಕಾದದ್ದು. ಭಾವುಸಾಹೇಬರು 1914ರಲ್ಲಿ ತೀರಿಕೊಂಡರು. ಉಮದಿಗೆ ಸಮೀಪದ ಇಂಚಗೇರಿಯಲ್ಲಿ ಅವರ ಸಮಾಧಿಯಿದೆ. ಆ ಊರ ಹೆಸರಿನಿಂದಲೇ ಇದು ಇಂಚಗೇರಿ ಸಂಪ್ರದಾಯವಾಯಿತು.

ಈಗ ನಮ್ಮ ತಾಲೂಕಿನಲ್ಲಿಯೂ ‘ವ್ಯಕ್ತಿಮತ್ವ ವಿಕಾಸ’ದ ಶಿಬಿರಗಳು ಬಂದಿವೆ. ಕೋಟು ಹಾಕಿಕೊಂಡ ಒಬ್ಬರು ಬಂದು, ಮಕ್ಕಳನ್ನು ಎದ್ದು ನಿಲ್ಲಿಸಿ, ‘ನಾನು ಗೆಲ್ಲುವವನು’ ಎಂದು ಗಟ್ಟಿಯಾಗಿ ಮೂರು ಸಲ ಹೇಳಿಸುತ್ತಾರೆ. ಎರಡು ತಾಸಿನಲ್ಲಿ ಹೊಸ ಮನುಷ್ಯ ತಯಾರಾಗಬೇಕು! ಮರುದಿನ ಗಣಿತದ ತಾಸಿನಲ್ಲಿ ನೋಡಿದರೆ ಹಳೆಯ ಮನುಷ್ಯನೇ ಕುಳಿತಿರುತ್ತಾನೆ. ಇಂಥ ಶಿಬಿರಗಳಿಂದ ಕೇಡಿದೆ ಎಂದು ನಾನು ಹೇಳುವುದಿಲ್ಲ. ಆದರೆ ಅವರ ಬೋಧನೆಯಲ್ಲಿ ಒಂದು ಮಾತು ಒಳಗೊಳಗೇ ಅಡಗಿರುತ್ತದೆ: ಈಗಿರುವ ನೀನು ಸಾಲದು, ಇನ್ನೊಬ್ಬನಾಗು. ಉಮದಿಯ ಪಾಠ ಇದಕ್ಕೆ ತಿರುಗುಮುರುಗು. ಅಲ್ಲಿ ಸೇರಿಸಿಕೊಳ್ಳುವುದಕ್ಕಿಂತ ಇಳಿಸುವ ಕೆಲಸವೇ ಹೆಚ್ಚು.

ಭಾವುಸಾಹೇಬರ ಶಿಷ್ಯರಲ್ಲಿ ಲೋಕಕ್ಕೆ ಮೊದಲು ಪರಿಚಯವಾದವರು ಗುರುದೇವ ರಾನಡೆಯವರು. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರಿಗೆ 1901ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಉಮದಿಯ ಮಹಾರಾಜರಿಂದ ನಾಮೋಪದೇಶವಾಯಿತು. ಆಮೇಲೆ ಅವರು ಓದಿದ್ದು ಪಾಶ್ಚಾತ್ಯ ತತ್ತ್ವಶಾಸ್ತ್ರ; ಗ್ರೀಕ್ ಚಿಂತಕರ ಮೇಲೆ ಪ್ರಬಂಧಗಳನ್ನು ಬರೆದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕಲಿಸಿದರು. ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ, ಕುಲಪತಿಯ ಪದವಿಯವರೆಗೆ ಏರಿದರು. 1926ರಲ್ಲಿ ಉಪನಿಷತ್ತುಗಳ ಮೇಲೆ, 1933ರಲ್ಲಿ ಮಹಾರಾಷ್ಟ್ರದ ಸಂತರ ಮೇಲೆ ಅವರ ಇಂಗ್ಲಿಷ್ ಗ್ರಂಥಗಳು ಹೊರಬಂದವು. ಇಷ್ಟು ದೊಡ್ಡ ಪಂಡಿತರು ಮನಸ್ಸಿಗೆ ನೆಲೆಯೆಂದು ಆರಿಸಿಕೊಂಡದ್ದು ವಿಜಯಪುರ ಜಿಲ್ಲೆಯ ನಿಂಬಾಳ ಎಂಬ ಸಣ್ಣ ಊರನ್ನು. 1957ರಲ್ಲಿ ದೇಹ ಬಿಟ್ಟದ್ದೂ ಅಲ್ಲಿಯೇ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಸಂತರ ಕುರಿತು ಅವರು ಕೊಟ್ಟ ಉಪನ್ಯಾಸಗಳು 1960ರಲ್ಲಿ, ಅವರ ಮರಣಾನಂತರ, ಪುಸ್ತಕವಾದವು.

ರಾನಡೆಯವರ ಮನೆಮಾತು ಮರಾಠಿ, ಹುಟ್ಟಿ ಬೆಳೆದ ಪರಿಸರ ಕನ್ನಡ, ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಜೀವನದ ಬಹುಭಾಗ ಕಲಿಸಿದ್ದು ಹಿಂದಿಯ ನಾಡಿನಲ್ಲಿ. ಇಂಥವರನ್ನು ಯಾವ ಖಾನೆಯಲ್ಲಿ ಬರೆಯಬೇಕು? ಕಾಸರಗೋಡಿನವರಿಗೆ ಈ ಪ್ರಶ್ನೆ ಹೊಸದಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಮದರಾಸು ಸರಕಾರ 1949ರಲ್ಲಿ ರಾಷ್ಟ್ರಕವಿ ಎಂದು ಗೌರವಿಸಿದ್ದು ಅವರ ಕನ್ನಡಕ್ಕೆ. ಅವರು ಕೊಂಕಣಿಯನ್ನು ಮುಚ್ಚಿಟ್ಟುಕೊಂಡು ಕನ್ನಡಿಗರಾದವರಲ್ಲ. ಮನೆಯಲ್ಲಿ ಇದ್ದದ್ದೂ ಹೊರಗೆ ಕಟ್ಟಿದ್ದೂ ಎರಡೂ ಅವರದೇ ಆಗಿದ್ದವು. ‘ಒಂದೇ ಖಾನೆಯಲ್ಲಿ ಹಿಡಿಸದಿದ್ದರೆ ನನ್ನಲ್ಲಿಯೇ ಏನೋ ದೋಷವಿದೆ’ ಎಂಬ ಅಂಜಿಕೆ ಗಡಿಯ ಮಕ್ಕಳಲ್ಲಿ ಬೇಗ ಹುಟ್ಟಿಕೊಳ್ಳುತ್ತದೆ. ಆ ಅಂಜಿಕೆಗೆ ಪೈಗಳ ಬಾಳೂ ರಾನಡೆಯವರ ಬಾಳೂ ಒಳ್ಳೆಯ ಮದ್ದು ಎಂದು ನನ್ನ ಭಾವನೆ.

ಇನ್ನು ಹಕ್ಕಿಯ ಹಾದಿಯ ವಿಷಯ. ಸೊಲ್ಲಾಪುರದ ಕಡೆಯ ಪಾಥರಿಯಲ್ಲಿ 1888ರಲ್ಲಿ ಹುಟ್ಟಿದ ಸಿದ್ಧರಾಮ ಎಂಬ ತರುಣ ವಿಜಯಪುರಕ್ಕೆ ಬಂದು ಮಾರವಾಡಿಯೊಬ್ಬರ ಪೇಢಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ನಿಂತಿದ್ದ. 1906ರಲ್ಲಿ ಅವನಿಗೆ ಭಾವುಸಾಹೇಬರಿಂದ ಉಪದೇಶವಾಯಿತು. ಅವರೇ ಮುಂದೆ ಸಿದ್ಧರಾಮೇಶ್ವರ ಮಹಾರಾಜರು. ಗುರುಗಳು ಹೋದ ಕೆಲವು ವರ್ಷಗಳ ಮೇಲೆ ಅವರಿಗೆ, ಧ್ಯಾನವೇ ಕೊನೆಯಲ್ಲ, ವಿಚಾರದಿಂದ ನೇರವಾಗಿಯೂ ತಲುಪಬಹುದು ಎನ್ನಿಸತೊಡಗಿತು. ಜೊತೆಯ ಗುರುಬಂಧುಗಳು ಒಪ್ಪಲಿಲ್ಲ. ಗುರು ಹೇಳಿದ್ದನ್ನು ಮೀರುವುದೇ ಎಂದು ಆಕ್ಷೇಪಿಸಿದರು. ಅವರು ವಿಜಯಪುರಕ್ಕೆ ಮರಳಿ ತಮ್ಮ ಪಾಡಿಗೆ ಕುಳಿತು ತಿಂಗಳುಗಟ್ಟಲೆ ಸಾಧಿಸಿ, ತಮಗೆ ಕಂಡದ್ದನ್ನು ಗಟ್ಟಿಮಾಡಿಕೊಂಡ ಮೇಲೆಯೇ ಹೊರಗೆ ಹೇಳಹೊರಟರು. ಗುರುವನ್ನು ಅವರು ತೊರೆಯಲಿಲ್ಲ. ಭಾವುಸಾಹೇಬರ ಹೆಸರು ಹೇಳಿಯೇ ಕಡೆಯವರೆಗೆ ಬೋಧಿಸಿದರು. ಗುರುವಿನ ಮೇಲೆ ಪ್ರೀತಿ ಇಟ್ಟುಕೊಂಡೇ ಗುರುವಿನ ನಕಲಾಗದೆ ಉಳಿಯುವುದು ಎಷ್ಟು ಕಷ್ಟವೆಂಬುದು ತಂದೆಯ ಅಂಗಡಿಯಲ್ಲಿ ಕುಳಿತ ಯಾವ ಮಗನಿಗಾದರೂ ಗೊತ್ತು.

ಅವರ ವಿಚಾರದ ಕ್ರಮವನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳುತ್ತೇನೆ. ‘ನನ್ನ ಕೈ’ ಎನ್ನುತ್ತೇವೆ; ‘ನನ್ನ ಎಮ್ಮೆ’ ಎಂದೂ ಎನ್ನುತ್ತೇವೆ. ನನ್ನ ಎಮ್ಮೆ ಎಂದ ಮಾತ್ರಕ್ಕೆ ನಾನು ಎಮ್ಮೆಯಾಗುವುದಿಲ್ಲವಷ್ಟೆ! ಹಾಗೆಯೇ ಈ ಸ್ಥೂಲ ಶರೀರ ನನ್ನದು, ಆದರೆ ನಾನಲ್ಲ. ಮನಸ್ಸು ಬುದ್ಧಿಗಳ ಸೂಕ್ಷ್ಮ ಶರೀರವೂ ನನ್ನದು, ನಾನಲ್ಲ. ಅದರಾಚೆ ಗಾಢನಿದ್ರೆಯಂಥ ಮರೆವಿನ ಒಂದು ಪದರ, ಅದು ಕಾರಣ ಶರೀರ. ಮರೆವನ್ನೂ ನೋಡಿ ತಿಳಿಯುವ ಅರಿವು ಮಹಾಕಾರಣ. ಒಂದೊಂದನ್ನಾಗಿ ನೋಡಿ, ಇದಲ್ಲ, ಇದಲ್ಲ ಎಂದು ದಾಟುತ್ತ ಹೋಗಿ, ಕಡೆಗೆ ‘ನಾನು ಇದ್ದೇನೆ’ ಎಂಬ ಆ ಅರಿವನ್ನೂ ದಾಟಬೇಕು. ಲೆಕ್ಕ ಬರೆಯುವವನು ಖಾತೆಯ ಒಂದೊಂದು ಬಾಬನ್ನೂ ತಾಳೆ ನೋಡಿ ಗೀಟು ಹಾಕಿದಂತೆ ಇದು ನನಗೆ ಕಾಣುತ್ತದೆ. ಪೇಢಿಯ ಅಭ್ಯಾಸ ಅಲ್ಲಿಯೂ ಕೈಬಿಡಲಿಲ್ಲವೇನೋ!

1933ರಲ್ಲಿ, ಮುಂಬಯಿಯಲ್ಲಿ, ಇವರ ಹತ್ತಿರ ಸ್ನೇಹಿತನೊಬ್ಬನ ಒತ್ತಾಯಕ್ಕೆ ಬಂದವನು ಮಾರುತಿ ಕಾಂಬಳಿ ಎಂಬ ಬೀಡಿ ವ್ಯಾಪಾರಿ. 1897ರಲ್ಲಿ ಹುಟ್ಟಿ, ಕೊಂಕಣದ ಕಾಂದಳಗಾವದಲ್ಲಿ ಬೆಳೆದು, ಹೊಟ್ಟೆಪಾಡಿಗಾಗಿ 1918ರಲ್ಲಿ ಮುಂಬಯಿ ಸೇರಿದವನು. ಹೆಂಡತಿ, ನಾಲ್ಕು ಮಕ್ಕಳು, ಖೇತವಾಡಿಯ ಗಲ್ಲಿಗಳಲ್ಲಿ ಸಣ್ಣ ಅಂಗಡಿಗಳು. ‘ನಾನು ಇದ್ದೇನೆ ಎಂಬ ಭಾವವನ್ನು ಬಿಡದೆ ಹಿಡಿ’ ಎಂಬುದು ಗುರುವಿನಿಂದ ಅವನಿಗೆ ಸಿಕ್ಕ ಸೂಚನೆ. ಗುರು 1936ರಲ್ಲಿ ಹೋದರು. ಮರುವರ್ಷ ಮನೆ ಬಿಟ್ಟು ದೇಶ ಸುತ್ತಿದ. 1938ರಲ್ಲಿ ತಿರುಗಿ ಬಂದು ಅದೇ ಬೀಡಿ ಅಂಗಡಿಯಲ್ಲಿ ಕುಳಿತ. ಸಾಧುವಿನ ವೇಷ ಹಾಕಲಿಲ್ಲ, ಮಠ ಕಟ್ಟಲಿಲ್ಲ. ಮನೆಯ ಅಟ್ಟದ ಮೇಲೆ ಕುಳಿತು, ಬಂದವರ ಜೊತೆ ತನ್ನ ಒರಟು ಮರಾಠಿಯಲ್ಲಿ ಮಾತಾಡಿದ. ಜಗತ್ತು ಅವರನ್ನು ನಿಸರ್ಗದತ್ತ ಮಹಾರಾಜರೆಂದು ತಿಳಿಯಿತು. ಆ ಮಾತುಗಳ ಇಂಗ್ಲಿಷ್ ರೂಪ ‘ಐ ಆ್ಯಮ್ ದ್ಯಾಟ್’ 1973ರಲ್ಲಿ ಅಚ್ಚಾಯಿತು. ಆ ಮೇಲೆ ಯುರೋಪು, ಅಮೇರಿಕಗಳಿಂದ ಬಂದವರು ಆ ಏಣಿ ಹತ್ತಿ ಹೋಗಿ, ದುಭಾಷಿಗಳ ಮೂಲಕ ಪ್ರಶ್ನೆ ಕೇಳಿದರು. 1981ರಲ್ಲಿ ಅವರು ತೀರಿಕೊಳ್ಳುವವರೆಗೂ ಅದೇ ಅಟ್ಟ, ಅದೇ ಮರಾಠಿ.

ಆ ಪುಸ್ತಕವನ್ನು ಇಂಗ್ಲಿಷಿಗೆ ತಂದ ಮಾರಿಸ್ ಫ್ರಿಡ್‌ಮನ್ ನಮ್ಮ ನೆರೆಯವರೆಂದರೂ ತಪ್ಪಿಲ್ಲ. ಪೋಲೆಂಡಿನ ಈ ಎಂಜಿನಿಯರರು ಮೈಸೂರು ಸಂಸ್ಥಾನದ ಸರಕಾರಿ ವಿದ್ಯುತ್ ಕಾರಖಾನೆಯನ್ನು ನಡೆಸಲು ಬೆಂಗಳೂರಿಗೆ ಬಂದವರು. ಆಮೇಲೆ ಔಂಧ ಸಂಸ್ಥಾನದ ರಾಜರು ತಮ್ಮ ಅಧಿಕಾರವನ್ನು ಪ್ರಜೆಗಳ ಕೈಗೆ ಒಪ್ಪಿಸಿದಾಗ ಅದರ ಹಿಂದೆ ದುಡಿದರು. ನಮ್ಮ ತಾಲೂಕಿಗೆ ಬಹಳ ದೂರವಲ್ಲದ ಆಟಪಾಡಿಯ ಬಳಿ 1939ರಲ್ಲಿ ‘ಸ್ವತಂತ್ರಪುರ’ ಎಂಬ ಗೋಡೆಯಿಲ್ಲದ ಬಂದಿಖಾನೆ ಶುರುವಾಗುವುದಕ್ಕೂ ಅವರದೇ ಪ್ರೇರಣೆ. ಕೈದಿಗಳು ಅಲ್ಲಿ ಹೊಲ ಮಾಡಿಕೊಂಡು ಕುಟುಂಬದ ಜೊತೆ ಇದ್ದರು. 1957ರ ‘ದೋ ಆಂಖೇಂ ಬಾರಹ ಹಾಥ’ ಚಿತ್ರಕ್ಕೆ ಅದೇ ಸ್ಫೂರ್ತಿ. ‘ಕೈದಿ’ ಎಂಬ ಹೆಸರನ್ನು ಇಳಿಸಿ ನೋಡಿದರೆ ಒಳಗೆ ಒಬ್ಬ ರೈತ ಇದ್ದಾನು ಎಂದು ನಂಬಿದವರಿಗೆ, ಮುಂದೆ ಖೇತವಾಡಿಯ ಮಾತುಗಳು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಒಂದು ಗಂಟು ಬಿಡಿಸಬೇಕಾಗಿದೆ. ಶರೀರ ನಾನಲ್ಲ, ಮನಸ್ಸು ನಾನಲ್ಲ ಎಂದ ಮೇಲೆ ಭಾಷೆ ಮಾತ್ರ ನಾನು ಹೇಗಾದೀತು? ‘ನನ್ನ ಕನ್ನಡ’ ಎಂದಾಗಲೇ ಅದೂ ಎಮ್ಮೆಯ ಸಾಲಿಗೆ ಸೇರಲಿಲ್ಲವೇ? ಹಾಗಿದ್ದರೆ ನಾವು ಶಾಲೆ, ಮಾಧ್ಯಮ, ಪಠ್ಯಪುಸ್ತಕವೆಂದು ಇಷ್ಟು ಹೆಣಗುವುದೇಕೆ? ನಮ್ಮ ಹೈಸ್ಕೂಲಿನ ಹತ್ತನೆಯ ಇಯತ್ತೆಯ ಹುಡುಗನೊಬ್ಬ ಒಮ್ಮೆ ಬೇರೆ ರೀತಿಯಲ್ಲಿ ಇದನ್ನೇ ಕೇಳಿದ್ದ:

‘ಸರ, ಬ್ಯಾಂಕಿನ್ಯಾಗ ಮರಾಠಿ ಮಾತಾಡೂ ಮುಂದ ನನ್ನ ದನೀನ ಬ್ಯಾರೆ ಆಗತೈತ್ರಿ. ಮನ್ಯಾಗಿನಾಂವ ಖರೇ ನಾನೋ, ಬ್ಯಾಂಕಿನ್ಯಾಗಿನಾಂವ ಖರೇ ನಾನೋ?’

‘ದನಿ ಯಾಕ ಬ್ಯಾರೆ ಆಗತೈತಿ?’ ಎಂದೆ.

‘ಕನ್ನಡದಾಂವ ಅಂತ ಗೊತ್ತಾದ್ರ ನಗತಾರೇನೋ ಅಂತರಿ.’

ಹುಡುಗನ ಉತ್ತರದಲ್ಲೇ ವಿಷಯ ಬಿಡಿಸಿಕೊಂಡಿತು. ಅವನ ದನಿಯನ್ನು ಬದಲಿಸಿದ್ದು ಮರಾಠಿ ಅಲ್ಲ, ನಗುತ್ತಾರೆಂಬ ಅಳುಕು. ಮರಾಠಿ ಒಳ್ಳೆಯ ಭಾಷೆ, ಜ್ಞಾನೇಶ್ವರರ ಭಾಷೆ. ಅದನ್ನು ಚೆನ್ನಾಗಿ ಕಲಿಯಲೇಬೇಕು. 2020ರ ಕಾನೂನಿನಿಂದ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಅದು ಕಡ್ಡಾಯವಾಗಿದೆ, ಅದರಿಂದ ನಮ್ಮ ಮಕ್ಕಳಿಗೆ ನಷ್ಟವಿಲ್ಲ. ಆದರೆ ಆ ಅಳುಕನ್ನು ಹೊತ್ತುಕೊಂಡು ಕಲಿತರೆ ಎರಡು ಭಾಷೆಯೂ ಅವನವಾಗುವುದಿಲ್ಲ. ಸಿದ್ಧರಾಮೇಶ್ವರರ ಕ್ರಮದಲ್ಲಿ ಪದರಗಳನ್ನು ಕಳಚುವುದಾದರೆ, ಎಲ್ಲಕ್ಕಿಂತ ಮೇಲೆ ಅಂಟಿಕೊಂಡಿರುವುದು ಈ ನಾಚಿಕೆ. ಅದನ್ನು ಮೊದಲು ಕಳಚಬೇಕು. ಅದರ ಮಗ್ಗುಲಲ್ಲೇ ಇನ್ನೊಂದು ಅಂಟಿದೆ: ‘ನಾವು ಕನ್ನಡಿಗರು, ಆದ್ದರಿಂದ ದೊಡ್ಡವರು’ ಎಂಬ ಜಂಬ. ಅದನ್ನೂ ಬಿಡಿಸಬೇಕು. ಸಭೆಗಳಲ್ಲಿ ಇದನ್ನು ಹೇಳಿದರೆ ಚಪ್ಪಾಳೆ ಬೀಳುವುದಿಲ್ಲ, ಆ ಮಾತು ಬೇರೆ. ಭಾಷೆ ಮಾತ್ರ ಬಹಳ ಒಳಗಿನದು. ‘ಇದು ನಾನಲ್ಲ’ ಎಂದು ಯೋಚಿಸುವುದಕ್ಕೂ ಒಂದು ಭಾಷೆ ಬೇಕಲ್ಲ! ನಿಸರ್ಗದತ್ತರಿಗೆ ಆ ಯೋಚನೆ ಹೊಳೆದದ್ದು ತನ್ನ ಮರಾಠಿಯಲ್ಲಿ. ಉಮದಿ, ಸಂಖ, ತಿಕೋಂಡಿ, ಬಿಳೂರಿನ ಮಕ್ಕಳಿಗೆ ಅದು ಹೊಳೆಯಬೇಕಾದರೆ ಕನ್ನಡದಲ್ಲೇ ಹೊಳೆಯಬೇಕು.

ತರಗತಿಯಲ್ಲಿ ಇಷ್ಟೆಲ್ಲ ಹೇಳಿ ಮುಗಿಸಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು, ‘ಎಲ್ಲಾರೂ ಗಂಡಸರ ಅದಾರಲ್ರಿ ಸರ’ ಎಂದಳು. ನ್ಯಾಯವಾದ ಮಾತು. ಆದರೆ ನಮ್ಮ ತಾಲೂಕು ಆ ಬಗ್ಗೆ ಬಡವಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಯ ಉಮರಾಣಿಯಲ್ಲಿ ಲಿಂಗಮ್ಮ ಎಂಬ ಹೆಣ್ಣುಮಗಳು ಹುಟ್ಟಿದಳೆಂದು ಶರಣರ ಪರಂಪರೆ ಹೇಳುತ್ತದೆ. ಅವಳು ಕಲ್ಯಾಣಕ್ಕೆ ಹೋದಳು. ಅಲ್ಲಿ ಅವಳ ದಾಸೋಹವನ್ನೂ ಕೊಡುವ ಕೈಯನ್ನೂ ನೋಡಿ ಬಸವಣ್ಣನವರು ದಾನಮ್ಮ ಎಂದು ಕರೆದರಂತೆ. ಗುಡ್ಡಾಪುರದ ದಾನಮ್ಮದೇವಿ ಅವಳೇ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಅತ್ತೆಯ ಮನೆಯವರು ಅಕ್ಕಿಯ ಮೇಲೆ ಬರೆದದ್ದೇ ಹೆಸರು, ಅವಳನ್ನು ಕೇಳುವವರಿಲ್ಲ. ಲಿಂಗಮ್ಮನ ಹೆಸರೂ ಬದಲಾಯಿತು. ಆದರೆ ಅದು ಅವಳು ದಿನವೂ ಮಾಡುತ್ತಿದ್ದ ಕೆಲಸದಿಂದ ಬಂದ ಹೆಸರು, ಯಾರ ಸೊಸೆ ಎಂಬುದರಿಂದ ಬಂದದ್ದಲ್ಲ. ಆ ಹುಡುಗಿ ಇದನ್ನು ತನ್ನ ವಹಿಯಲ್ಲಿ ಬರೆದುಕೊಂಡದ್ದನ್ನು ನೋಡಿದೆ. ಏನು ಬರೆದಳೆಂದು ಕೇಳಲಿಲ್ಲ.

ಕಾರ್ತಿಕದ ಅಮಾವಾಸ್ಯೆಗೆ ಗುಡ್ಡಾಪುರದ ಜಾತ್ರೆ. ವಿಜಯಪುರ, ಬಾಗಲಕೋಟೆಯ ಕಡೆಯಿಂದ ಜನ ತಂಡತಂಡವಾಗಿ ನಡೆದು ಬರುತ್ತಾರೆ. ಹಾದಿಯುದ್ದಕ್ಕೂ ರೊಟ್ಟಿ, ಪಲ್ಯ, ಚಹದ ದಾಸೋಹ ನಡೆದಿರುತ್ತದೆ. ಕಾಸರಗೋಡಿನಿಂದ ಬರುವವರು ವಿಜಯಪುರದವರೆಗೆ ಬಂದರೆ ಸಾಕು, ಮುಂದೆ ಬಸ್ಸುಗಳಿವೆ. ನಿಂಬಾಳಕ್ಕಂತೂ ಸೊಲ್ಲಾಪುರದ ರೈಲು ಹಾದಿಯಲ್ಲೇ ನಿಲ್ದಾಣವಿದೆ. ಅಲ್ಲಿಂದ ಇಂಚಗೇರಿ, ಉಮದಿ ನೋಡಿಕೊಂಡು ಗುಡ್ಡಾಪುರ ಮುಟ್ಟಬಹುದು. ನಡುವೆ ಎಲ್ಲೋ ಒಂದು ಕಡೆ ರಾಜ್ಯದ ಗಡಿ ದಾಟುತ್ತೀರಿ. ಫಲಕದ ಅಕ್ಷರ ಬದಲಾಗಿರುತ್ತದೆ, ಆದರೆ ಉಮದಿಯ ಸ್ಟ್ಯಾಂಡಿನಲ್ಲಿ ಇಳಿದು ಕನ್ನಡದಲ್ಲಿಯೇ ಹಾದಿ ಕೇಳಬಹುದು.